ಪೆನ್‌ಡ್ರೈವ್‌ಗೆ ಹಾಕಿಕೊಡುವ ಮುನ್ನ: ಡೆಬಿಯನ್ 13ರ ಪರವಾನಗಿ ಶಿಸ್ತು

ನಮ್ಮ ಊರಿನ ಅರಿವು ಕೇಂದ್ರಕ್ಕೆ ಏಳು ಹಳೆಯ ಕಂಪ್ಯೂಟರುಗಳು ದಾನವಾಗಿ ಬಂದಾಗ ಅವುಗಳನ್ನು ಸುಸ್ಥಿತಿಗೆ ತರುವ ಕೆಲಸ, ನಾನು ನಿವೃತ್ತ ಉಪನ್ಯಾಸಕನೆಂಬ ಕಾರಣಕ್ಕೋ ಬಿಡುವಾಗಿದ್ದೇನೆಂಬ ಕಾರಣಕ್ಕೋ, ನನ್ನ ಪಾಲಿಗೆ ಬಂತು. ತಾಲ್ಲೂಕು ಕೇಂದ್ರದ ಒಂದು ಅಂಗಡಿಗೆ ಅವನ್ನು ಒಯ್ದೆ. ಎರಡು ದಿನ ಬಿಟ್ಟು ಹೋದರೆ ಏಳರಲ್ಲೂ ಕಾರ್ಯಾಚರಣಾ ವ್ಯವಸ್ಥೆ, ಕಚೇರಿ ಕೆಲಸದ ತಂತ್ರಾಂಶ, ಫೋಟೊ ತಿದ್ದುವ ದುಬಾರಿ ತಂತ್ರಾಂಶ ಎಲ್ಲವೂ ಸಿದ್ಧವಾಗಿದ್ದವು. ಬಿಲ್ಲಿನಲ್ಲಿ ಮಾತ್ರ ‘ಸರ್ವಿಸ್’ ಎಂಬ ಒಂದೇ ಪದವಿತ್ತು. ಪರವಾನಗಿ ಪತ್ರವೆಲ್ಲಿ ಎಂದು ಕೇಳಿದ್ದಕ್ಕೆ ಅಂಗಡಿಯವರು ನಕ್ಕು, “ಮೇಷ್ಟ್ರೇ, ತಾಲ್ಲೂಕಲ್ಲೆಲ್ಲ ಇದನ್ನೇ ಹಾಕಿಕೊಡೋದು, ಇಲ್ಲೀತನಕ ಯಾರೂ ಕೇಳಿಲ್ಲ” ಎಂದರು. ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಸಾರ್ವಜನಿಕರ ಹೆಸರಿನಲ್ಲಿ ನಡೆಯುವ ಗ್ರಂಥಾಲಯದ ಯಂತ್ರದಲ್ಲಿ ಕದ್ದ ಪ್ರತಿ ಕೂರುವುದು ನನಗೆ ಸರಿಕಾಣಲಿಲ್ಲ. ಮನೆಗೆ ತಂದು ಏಳನ್ನೂ ಅಳಿಸಿ, ನಕಲು ಮಾಡಿ ಹಂಚಲು ಅನುಮತಿಯಿರುವ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿದೆ.

ಇದರಲ್ಲಿ ಮಡಿವಂತಿಕೆಗಿಂತ ಕಾನೂನಿನ ಅಂಜಿಕೆಯೇ ಹೆಚ್ಚಿತ್ತೆಂದು ಒಪ್ಪಿಕೊಳ್ಳುತ್ತೇನೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ‘ಸಾಹಿತ್ಯ ಕೃತಿ’. ಕಾದಂಬರಿಯನ್ನು ಮುದ್ರಿಸಿ ಹಂಚಲು ಯಾರ ಅನುಮತಿ ಬೇಕೋ ಇದಕ್ಕೂ ಅಂಥದೇ ಅನುಮತಿ ಬೇಕು. ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ 63ಬಿ ಕಲಮು ಕನಿಷ್ಠ ಏಳು ದಿನದಿಂದ ಗರಿಷ್ಠ ಮೂರು ವರ್ಷದವರೆಗೆ ಸೆರೆವಾಸವನ್ನೂ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವನ್ನೂ ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಬಳಸಿರದಿದ್ದರೆ ಸೂಕ್ತ ಕಾರಣ ನಮೂದಿಸಿ ಸೆರೆವಾಸವನ್ನು ಬಿಡುವ ವಿವೇಚನೆ ನ್ಯಾಯಾಲಯಕ್ಕಿದೆ, ದಂಡ ಮಾತ್ರ 50,000ದವರೆಗೂ ಬೀಳಬಹುದು. ಕಾನೂನುಬದ್ಧವಾಗಿ ಪ್ರತಿಯನ್ನು ಹೊಂದಿರುವವರು, ಅದು ಹಾಳಾದೀತು ಅಥವಾ ಕಳೆದೀತು ಎಂಬ ಮುಂಜಾಗ್ರತೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದಕ್ಕೆ 52ನೆಯ ಕಲಮಿನಲ್ಲಿ ಅವಕಾಶವಿದೆ. ಆ ಪ್ರತಿಯನ್ನು ಪಕ್ಕದ ಮನೆಯವರಿಗೆ ಕೊಡುವುದಕ್ಕೆ ಇಲ್ಲ. ಅರಿವು ಕೇಂದ್ರಕ್ಕೆ ಬರುವ ಹುಡುಗರು ಕೇಳುವುದು ಮಾತ್ರ ಅದನ್ನೇ: “ಸರ್, ಇದನ್ನ ನನ್ನ ಪೆನ್‌ಡ್ರೈವ್‌ಗೂ ಹಾಕಿಕೊಡ್ತೀರಾ?”

ಆದ್ದರಿಂದ ಈ ವಿಮರ್ಶೆಯಲ್ಲಿ ಡೆಬಿಯನ್ 13 ಎಷ್ಟು ಚಂದ, ಎಷ್ಟು ಚುರುಕು ಎಂಬ ಲೆಕ್ಕಕ್ಕಿಂತ ಆ ಹುಡುಗರ ಪ್ರಶ್ನೆಗೆ ಅದು ಎಷ್ಟು ನೇರವಾದ ಉತ್ತರ ಕೊಡುತ್ತದೆ ಎಂಬುದನ್ನೇ ಮುಖ್ಯವಾಗಿ ನೋಡಿದ್ದೇನೆ. ‘ಟ್ರಿಕ್ಸಿ’ ಎಂಬ ಅಡ್ಡಹೆಸರಿನ ಈ ಆವೃತ್ತಿ 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಇದರಲ್ಲಿರುವ ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಸಂಖ್ಯೆ 69,830. ಇಷ್ಟೊಂದು ತಂತ್ರಾಂಶಗಳನ್ನು ಬರೆದವರು ಸಾವಿರಾರು ಜನ, ಒಬ್ಬೊಬ್ಬರು ಹಾಕಿರುವ ಷರತ್ತು ಒಂದೊಂದು ಬಗೆ. ಇವುಗಳಲ್ಲಿ ಯಾವುದನ್ನು ನಕಲು ಮಾಡಿ ಹಂಚಬಹುದು, ಯಾವುದನ್ನು ಕೂಡದು ಎಂದು ನನ್ನಂಥವನು ಒಂದೊಂದಾಗಿ ಓದಿ ತೀರ್ಮಾನಿಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಡೆಬಿಯನ್‌ನವರು ಆ ಓದನ್ನು ಮೊದಲೇ ಮುಗಿಸಿ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಬೇರ್ಪಡಿಸಿ ಕೊಡುತ್ತಾರೆ. ನನ್ನ ಮಟ್ಟಿಗೆ ಅವರು ಕೊಡುವ ಮುಖ್ಯ ಸರಕೇ ಅದು.

ಆರಿಸುವ ಮೊರ ಯಾವುದೆಂದರೆ, 1997ರಲ್ಲಿ ಅವರು ಒಪ್ಪಿಕೊಂಡ ಸಾಮಾಜಿಕ ಒಡಂಬಡಿಕೆ ಮತ್ತು ಅದರೊಂದಿಗಿರುವ ಮುಕ್ತ ತಂತ್ರಾಂಶದ ಮಾರ್ಗಸೂಚಿ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಈ ಯೋಜನೆಗೆ ಆ ಮಾರ್ಗಸೂಚಿಯ ಕರಡನ್ನು ಸಿದ್ಧಪಡಿಸಿದವರು ಬ್ರೂಸ್ ಪೆರೆನ್ಸ್. ಅದರ ಮೊದಲ ಅಂಶವೇ ಮರುಹಂಚಿಕೆ: ಹಲವು ತಂತ್ರಾಂಶಗಳು ಸೇರಿದ ಕಟ್ಟಿನ ಒಂದು ಭಾಗವಾಗಿ ಇದನ್ನು ಯಾರೂ ಮಾರಬಹುದು, ಯಾರೂ ಪುಕ್ಕಟೆ ಕೊಡಬಹುದು, ಅದಕ್ಕೆ ಪರವಾನಗಿಯು ಅಡ್ಡಿಮಾಡಬಾರದು, ರಾಯಧನ ಕೇಳಬಾರದು. ಈ ಮೊರದಲ್ಲಿ ಉಳಿದದ್ದಷ್ಟೇ ‘ಮೇನ್’ ವಿಭಾಗಕ್ಕೆ ಹೋಗುತ್ತದೆ. ತಾನು ಮುಕ್ತವಾಗಿದ್ದರೂ ಮುಕ್ತವಲ್ಲದ ಇನ್ನೊಂದನ್ನು ನೆಚ್ಚಿಕೊಂಡಿರುವಂಥದು ‘ಕಾಂಟ್ರಿಬ್’ ಸೇರುತ್ತದೆ. ಹಂಚಲು ಅನುಮತಿಯಿದ್ದರೂ ತಿದ್ದಲು, ಮಾರಲು ಅಥವಾ ಕೆಲವು ಕೆಲಸಗಳಿಗೆ ಬಳಸಲು ನಿರ್ಬಂಧವಿರುವಂಥದು ‘ನಾನ್-ಫ್ರೀ’ಗೆ. ಹಂಚಲೂ ಅನುಮತಿಯಿಲ್ಲದ್ದಕ್ಕೆ ಡೆಬಿಯನ್‌ನ ಭಂಡಾರದಲ್ಲಿ ಜಾಗವೇ ಇಲ್ಲ.

ಇನ್ನೊಂದು ಅನುಕೂಲವನ್ನು ಬಹಳ ಜನ ಗಮನಿಸಿರಲಾರರು. ಅನುಸ್ಥಾಪಿಸಿದ ಪ್ರತಿಯೊಂದು ಪ್ಯಾಕೇಜಿನ ಜೊತೆಗೂ ‘ಕಾಪಿರೈಟ್’ ಎಂಬ ಹೆಸರಿನ ಒಂದು ಸಾದಾ ಪಠ್ಯಕಡತ ಬರುತ್ತದೆ. ಯಾರು ಬರೆದದ್ದು, ಯಾವ ವರ್ಷದ ಹಕ್ಕು, ಯಾವ ಪರವಾನಗಿ, ಒಳಗಿನ ಯಾವ ಕಡತಕ್ಕೆ ಬೇರೆ ಪರವಾನಗಿ ಎಂಬುದೆಲ್ಲ ಅದರಲ್ಲಿರುತ್ತದೆ. ಅಂತರ್ಜಾಲವಿಲ್ಲದ ಊರಿನಲ್ಲಿಯೂ, ವಿದ್ಯುತ್ ಇದ್ದರೆ ಸಾಕು, ಇದನ್ನು ತೆರೆದು ಓದಬಹುದು. ಹೊಲದ ಪಹಣಿ ಹೊಲದ ಬದುವಿನಲ್ಲೇ ಸಿಕ್ಕುವಂತಿದ್ದರೆ ಎಷ್ಟು ವ್ಯಾಜ್ಯ ಕಡಿಮೆಯಾಗುತ್ತಿತ್ತು ಎಂದು ಇದನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

‘ಪುಕ್ಕಟೆ ಸಿಗುತ್ತದೆ’ ಎಂಬುದಕ್ಕೂ ‘ಹಂಚಬಹುದು’ ಎಂಬುದಕ್ಕೂ ಇರುವ ಅಂತರ ನಮ್ಮಲ್ಲಿ ವಿದ್ಯಾವಂತರಿಗೂ ತಟ್ಟನೆ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿ 1996ರಲ್ಲಿ ಏರಿಯಲ್, ಟೈಮ್ಸ್ ನ್ಯೂ ರೋಮನ್ ಮೊದಲಾದ ಫಾಂಟುಗಳನ್ನು ಜಾಲತಾಣಗಳ ಉಪಯೋಗಕ್ಕೆಂದು ಉಚಿತವಾಗಿ ಬಿಟ್ಟಿತು. 2002ರಲ್ಲಿ ತನ್ನ ತಾಣದಿಂದ ಅವನ್ನು ತೆಗೆದುಹಾಕಿತು. ಆದರೆ ಮೊದಲು ಕೊಟ್ಟಿದ್ದ ಪರವಾನಗಿಯಲ್ಲಿ, ಮೂಲ ಕಟ್ಟನ್ನು ಬಿಚ್ಚದೆ, ಬದಲಾಯಿಸದೆ, ಲಾಭಕ್ಕೆ ಮಾರದೆ ಹಂಚಬಹುದೆಂಬ ಮಾತಿತ್ತು. ಆ ಮಾತಿನ ಬಲದಿಂದ ಅವು ಇಂದಿಗೂ ಅಂತರ್ಜಾಲದಲ್ಲಿ ಉಳಿದಿವೆ. ಡೆಬಿಯನ್‌ನಲ್ಲಿ ಇದಕ್ಕೊಂದು ವಿಚಿತ್ರ ಪ್ಯಾಕೇಜಿದೆ: ಅದರೊಳಗೆ ಫಾಂಟೇ ಇಲ್ಲ. ನೀವು ಅದನ್ನು ಹಾಕಿದಾಗ ಅದು ಮೂಲ ಕಟ್ಟನ್ನು ಅಂತರ್ಜಾಲದಿಂದ ನಿಮ್ಮ ಯಂತ್ರಕ್ಕೇ ಇಳಿಸಿ, ಅಲ್ಲಿಯೇ ಬಿಚ್ಚಿ, ಫಾಂಟುಗಳನ್ನು ಜೋಡಿಸುತ್ತದೆ. ಬಿಚ್ಚಿದವರು ನೀವು, ಡೆಬಿಯನ್ ಅಲ್ಲ. ಮೊದಲ ಸಲ ಇದನ್ನು ಅರ್ಥಮಾಡಿಕೊಂಡಾಗ ಇದು ಜಾಣತನವೋ ನುಣುಚಿಕೊಳ್ಳುವಿಕೆಯೋ ಎಂದು ತೀರ್ಮಾನಿಸಲಾಗದೆ ಸ್ವಲ್ಪ ಹೊತ್ತು ಕುಳಿತಿದ್ದೆ.

ಕನ್ನಡಿಗರಿಗೆ ಇದೇ ಪ್ರಶ್ನೆ ಇನ್ನೂ ಹತ್ತಿರದ್ದು. ವಿಂಡೋಸ್‌ನೊಂದಿಗೆ ಬರುವ ತುಂಗಾ, ಅನಂತರ ಬಂದ ನಿರ್ಮಲಾ ಯುಐ ಫಾಂಟುಗಳಲ್ಲಿ ಸಿದ್ಧಪಡಿಸಿದ ಕನ್ನಡ ಕಡತಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅವನ್ನು ಬೇರೆ ವ್ಯವಸ್ಥೆಯಲ್ಲಿ ತೆರೆದಾಗ ಪುಟ ಹೆಚ್ಚುಕಡಿಮೆಯಾದರೆ, ವಿಂಡೋಸ್ ಯಂತ್ರದಿಂದ ಆ ಫಾಂಟ್ ಕಡತವನ್ನೇ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಬಿಡುವುದು ರೂಢಿ. ಆ ಫಾಂಟುಗಳು ವಿಂಡೋಸ್ ಪರವಾನಗಿಯ ಭಾಗವಾಗಿ ಬಂದಂಥವು. ಅವನ್ನು ಹಾಗೆ ಬೇರ್ಪಡಿಸಿ ಹಂಚುವ ಹಕ್ಕು ಯಂತ್ರವನ್ನು ಕೊಂಡವರಿಗೆ ಬಂದಿರುವುದಿಲ್ಲ. ಡೆಬಿಯನ್‌ನ ‘ಮೇನ್’ ವಿಭಾಗದಲ್ಲಿಯೇ ಇರುವ ಲೋಹಿತ್, ಗುಬ್ಬಿ, ನವಿಲು ಫಾಂಟುಗಳನ್ನಾದರೆ ಯಾರಿಗೆ ಬೇಕಾದರೂ ಕೊಡಬಹುದು. ಇವುಗಳಲ್ಲಿಯೂ ಷರತ್ತು ಒಂದೇ ಅಲ್ಲ. ರೆಡ್ ಹ್ಯಾಟ್ ಸಂಸ್ಥೆಯ ಬೆಂಬಲದಲ್ಲಿ ಬೆಳೆದ ಲೋಹಿತ್ ಮೊದಲು ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಎಂಬ ಮುಕ್ತ ಪರವಾನಗಿಯಲ್ಲಿದ್ದು 2011ರಲ್ಲಿ ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿತು. ಈ ಫಾಂಟ್ ಲೈಸೆನ್ಸಿನ ಪ್ರಕಾರ ಫಾಂಟೊಂದನ್ನೇ ಸರಕಾಗಿ ಮಾರುವಂತಿಲ್ಲ. ಬೇರೆ ತಂತ್ರಾಂಶದ ಜೊತೆ ಕಟ್ಟಿ ಮಾರಬಹುದು. ಅಕ್ಷರದ ಆಕಾರ ತಿದ್ದಿದರೆ, ಕರ್ತೃ ಕಾಯ್ದಿರಿಸಿಕೊಂಡ ಹೆಸರನ್ನು ಹೊಸ ಫಾಂಟಿಗೆ ಇಡುವಂತಿಲ್ಲ. ತಮ್ಮ ಪತ್ರಿಕೆಗೆ ‘ಸ್ವಂತ’ ಫಾಂಟು ಬೇಕೆಂದು ಒತ್ತಕ್ಷರಗಳನ್ನು ತಿದ್ದಿಸಿಕೊಳ್ಳುವವರು ಈ ಕೊನೆಯ ಮಾತನ್ನು ನೆನಪಿಡಬೇಕು.

ಹೆಸರಿನ ವಿಷಯದಲ್ಲಿ ಡೆಬಿಯನ್ ತಾನೇ ಒಮ್ಮೆ ಪೇಚಿಗೆ ಸಿಕ್ಕಿತ್ತು. ಫೈರ್‌ಫಾಕ್ಸ್ ಬ್ರೌಸರಿನ ಸಂಕೇತ ಮುಕ್ತವಾಗಿದ್ದರೂ ಅದರ ಲಾಂಛನದ ಚಿತ್ರಕ್ಕೆ ಮುಕ್ತ ಪರವಾನಗಿ ಇರಲಿಲ್ಲ. ಹೆಸರು ಬಳಸುವುದಾದರೆ ಲಾಂಛನವನ್ನೂ ಬಳಸಬೇಕು, ಮಾಡಿದ ತಿದ್ದುಪಡಿಗಳಿಗೆ ತಮ್ಮ ಒಪ್ಪಿಗೆಯನ್ನೂ ಪಡೆಯಬೇಕು ಎಂದು ಅದನ್ನು ತಯಾರಿಸುವ ಮೊಜಿಲ್ಲಾದವರು 2006ರಲ್ಲಿ ಹೇಳಿದರು. ಡೆಬಿಯನ್‌ನವರು ಹೆಸರನ್ನೇ ಕೈಬಿಟ್ಟು ಅದೇ ಬ್ರೌಸರನ್ನು ‘ಐಸ್‌ವೀಸಲ್’ ಎಂದು ಕರೆದು ಹತ್ತು ವರ್ಷ ಹಂಚಿದರು; 2016ರಲ್ಲಿ ರಾಜಿಯಾಗಿ ಹಳೆಯ ಹೆಸರು ಮರಳಿತು. ಹಕ್ಕುಸ್ವಾಮ್ಯದ ಬಾಗಿಲು ತೆರೆದಿದ್ದರೂ ವ್ಯಾಪಾರ ಚಿಹ್ನೆಯ ಬಾಗಿಲು ಮುಚ್ಚಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ನಾನು ನಮ್ಮ ಕೇಂದ್ರಕ್ಕಾಗಿ ಕನ್ನಡದ ಸೆಟ್ಟಿಂಗುಗಳನ್ನು ಮೊದಲೇ ಸೇರಿಸಿ ತಯಾರಿಸಿದ ಪ್ರತಿಯ ಮೇಲೆ ‘ಡೆಬಿಯನ್ ಆಧಾರಿತ, ಬದಲಾಯಿಸಲಾಗಿದೆ’ ಎಂದು ಬರೆದಿರುವುದು ಈ ಕಥೆ ಓದಿದ ಮೇಲೆ.

ಇಷ್ಟು ಹೊಗಳಿದ ಮೇಲೆ ತೊಡಕುಗಳನ್ನೂ ಹೇಳಬೇಕು. ಡೆಬಿಯನ್‌ನ ಕಟ್ಟುನಿಟ್ಟು ಕೆಲವೊಮ್ಮೆ ಬಳಕೆದಾರನ ಬೆನ್ನ ಮೇಲೆ ಭಾರವಾಗಿ ಬೀಳುತ್ತದೆ. ವೈಫೈ ಕಾರ್ಡುಗಳಂಥ ಯಂತ್ರಾಂಶವನ್ನು ಒಳಗಿನಿಂದ ನಡೆಸುವ ಫರ್ಮ್‌ವೇರ್ ಎಂಬ ತಯಾರಕರ ಕಡತಗಳನ್ನು ಹಂಚಬಹುದು, ಆದರೆ ಬಿಚ್ಚಿ ನೋಡಿ ತಿದ್ದುವಂತಿಲ್ಲ ಎಂಬುದು ಅವುಗಳ ಸಾಮಾನ್ಯ ಷರತ್ತು. ಹೀಗಾಗಿ ಬಹಳ ವರ್ಷ ಅವು ಡೆಬಿಯನ್‌ನ ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲಿ ಇರಲಿಲ್ಲ. ಅನುಸ್ಥಾಪಿಸಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ವೈಫೈ ಬೇಕು, ವೈಫೈಗೆ ಫರ್ಮ್‌ವೇರ್ ಬೇಕು, ಅದನ್ನು ಇಳಿಸಿಕೊಳ್ಳಲು ಅಂತರ್ಜಾಲ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತೆ. 2022ರಲ್ಲಿ ಸದಸ್ಯರ ಮತದಾನ ನಡೆದು, 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಫರ್ಮ್‌ವೇರಿಗೆಂದೇ ಪ್ರತ್ಯೇಕ ವಿಭಾಗವಾಗಿ ಅಧಿಕೃತ ಪ್ರತಿಯೊಳಗೆ ಸೇರಿಕೊಂಡವು. 13ರಲ್ಲಿಯೂ ಹಾಗೆಯೇ ಇದೆ. ಹಂಚಲೂ ಅನುಮತಿಯಿಲ್ಲದವು ಮಾತ್ರ ಇಂದಿಗೂ ಹೊರಗೇ. ಬ್ರಾಡ್‌ಕಾಮ್‌ನ ಕೆಲವು ಹಳೆಯ ಕಾರ್ಡುಗಳ ಫರ್ಮ್‌ವೇರ್ ಈ ಗುಂಪಿಗೆ ಸೇರಿದ್ದು. ಅದಕ್ಕೂ ಫಾಂಟಿನ ಕಥೆಯಂತೆ, ಒಳಗೆ ಏನೂ ಇಲ್ಲದ, ನಿಮ್ಮ ಯಂತ್ರಕ್ಕೇ ಇಳಿಸಿಕೊಡುವ ಪ್ಯಾಕೇಜೇ ಗತಿ.

ನಮ್ಮ ಕೇಂದ್ರದಲ್ಲಿರುವ ಒಂದು ಹಳೆಯ ಲೇಸರ್ ಪ್ರಿಂಟರಿನದೂ ಇದೇ ಪಾಡು. ತಯಾರಕರ ಕಡತವಿಲ್ಲದೆ ಅದು ಒಂದು ಹಾಳೆಯನ್ನೂ ಎಳೆಯದು. ಆ ಕಡತವನ್ನು ತಯಾರಕರಿಂದಲೇ ಪಡೆಯಬೇಕೆ ವಿನಾ ನಾನು ಪೆನ್‌ಡ್ರೈವ್‌ನಲ್ಲಿ ಸೇರಿಸಿ ಕೊಡುವಂತಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡು, ಸಿಗ್ನಲ್ ಸಿಗುವ ಕಿಟಕಿಯ ಬಳಿ ಕಂಪ್ಯೂಟರನ್ನೇ ಎತ್ತಿಟ್ಟು ಕೆಲಸ ಮುಗಿಸಿದೆ. ಬಳಕೆದಾರನಿಗೆ ಇದು ರೇಜಿಗೆ ಎಂಬುದನ್ನು ಮುಚ್ಚಿಡಲಾರೆ.

ಕೆಲವೆಡೆ ಶಿಸ್ತು ಅತಿಯಾಯಿತೇ ಎಂದೂ ಅನ್ನಿಸುತ್ತದೆ. ಡಗ್ಲಸ್ ಕ್ರಾಕ್‌ಫರ್ಡ್ ಎಂಬ ಪ್ರೋಗ್ರಾಮರ್, ಮಾಹಿತಿ ವಿನಿಮಯಕ್ಕೆ ನೆರವಾಗುವ ತಮ್ಮ ಜೇಸನ್ ತಂತ್ರಾಂಶದ ಪರವಾನಗಿಯಲ್ಲಿ, ಇದನ್ನು ಒಳಿತಿಗೆ ಬಳಸಬೇಕು, ಕೆಡುಕಿಗಲ್ಲ ಎಂಬ ಒಂದು ಸಾಲು ಸೇರಿಸಿದ್ದರು. ಕೇಳುವುದಕ್ಕೆ ಯಾರಿಗೂ ಬೇಡವೆನ್ನಿಸದ ಮಾತು. ಆದರೆ ಯಾವ ಕೆಲಸಕ್ಕೆ ಬಳಸಬೇಕೆಂದು ಪರವಾನಗಿ ಹೇಳುವಂತಿಲ್ಲ ಎಂಬುದು ಮಾರ್ಗಸೂಚಿಯ ನಿಯಮವಾದ್ದರಿಂದ ಅದು ಡೆಬಿಯನ್‌ಗೆ ಮುಕ್ತವೆನಿಸಲಿಲ್ಲ. ಮೊದಲು ನಾನೂ ನಕ್ಕಿದ್ದೆ. ಆಮೇಲೆ, ಕೆಡುಕು ಯಾವುದೆಂದು ತೀರ್ಮಾನಿಸುವವರು ಯಾರು ಎಂದು ಯೋಚಿಸಿದಾಗ ನಗು ನಿಂತಿತು. ಇದಕ್ಕಿಂತ ನನ್ನನ್ನು ಕಾಡಿದ್ದು ಕೈಪಿಡಿಗಳ ವಿಷಯ. ಈಮ್ಯಾಕ್ಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದ ಕೈಪಿಡಿಯಲ್ಲಿ ಬದಲಾಯಿಸಲಾಗದ ಭಾಗಗಳಿವೆ ಎಂಬ ಕಾರಣಕ್ಕೆ ತಂತ್ರಾಂಶ ‘ಮೇನ್’ನಲ್ಲಿದ್ದರೂ ಅದರ ಕೈಪಿಡಿ ‘ನಾನ್-ಫ್ರೀ’ಯಲ್ಲಿದೆ. ಕಲಿಯುವವರಿಗೆ ಹಂಚಬೇಕಾದ್ದು ಮೊದಲು ಕೈಪಿಡಿಯೇ ಅಲ್ಲವೇ? ನಿಯಮ ಸರಿಯಿದೆ, ಆದರೂ ಒಪ್ಪಲು ಮನಸ್ಸು ಬಾರದು.

ಪರವಾನಗಿಗೆ ಸಂಬಂಧಿಸದ ಒಂದು ಕೊರತೆಯನ್ನೂ ಹಳೆಯ ಯಂತ್ರಗಳಿರುವವರು ತಿಳಿದಿರಬೇಕು: 32 ಬಿಟ್‌ನ ಹಳೆಯ ಕಂಪ್ಯೂಟರುಗಳಿಗೆ 13ನೆಯ ಆವೃತ್ತಿಯಲ್ಲಿ ಅನುಸ್ಥಾಪಕವೇ ಇಲ್ಲ. ನಮ್ಮ ಏಳರಲ್ಲಿ ಎರಡು ಅಂಥವು. ಅವು 12ರಲ್ಲಿಯೇ ನಿಂತಿವೆ.

ಹಂಚುವವನ ಮೇಲೆ ಬೀಳುವ ಹೊಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಮುಕ್ತ ತಂತ್ರಾಂಶ, ಹೇಗೆ ಬೇಕಾದರೂ ಹಂಚಬಹುದು’ ಎಂದು ಭಾಷಣ ಮಾಡುವವರು ಈ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಡೆಬಿಯನ್‌ನ ತಿರುಳಾದ ಲಿನಕ್ಸ್ ಕರ್ನೆಲ್ ಜಿಪಿಎಲ್‌ನ ಎರಡನೆಯ ಆವೃತ್ತಿಯಲ್ಲಿದೆ. ಅದರ ಮೂರನೆಯ ಕಲಮಿನ ಪ್ರಕಾರ, ಯಂತ್ರ ಓಡಿಸುವ ರೂಪದ ಪ್ರತಿಯನ್ನು ಇನ್ನೊಬ್ಬರಿಗೆ ಕೊಡುವವರು ಅದರ ಮೂಲಸಂಕೇತವನ್ನೂ, ಅಂದರೆ ಓದಿ ತಿದ್ದಬಹುದಾದ ರೂಪವನ್ನೂ, ಜೊತೆಗೇ ಕೊಡಬೇಕು. ಇಲ್ಲವೇ, ಕೇಳಿದವರು ಯಾರೇ ಆಗಲಿ, ನಕಲು ಮಾಡುವ ಖರ್ಚನ್ನಷ್ಟೇ ಪಡೆದು ಕೊಡುತ್ತೇನೆಂಬ ಲಿಖಿತ ವಾಗ್ದಾನ ನೀಡಬೇಕು, ಅದು ಕನಿಷ್ಠ ಮೂರು ವರ್ಷ ಊರ್ಜಿತದಲ್ಲಿರಬೇಕು. ಲಾಭವಿಲ್ಲದೆ ಹಂಚುವವರು ತಮಗೆ ಬಂದ ವಾಗ್ದಾನವನ್ನೇ ಮುಂದಕ್ಕೆ ದಾಟಿಸಬಹುದೆಂಬ ವಿನಾಯಿತಿ ಇದೆ. ಆದರೆ ಡೆಬಿಯನ್ ಅಂಥ ವಾಗ್ದಾನ ಪತ್ರವನ್ನೇನೂ ಕೊಡುವುದಿಲ್ಲ. ತನ್ನ ಸರ್ವರಿನಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತನ್ನ ಹೊಣೆ ತೀರಿಸುತ್ತದೆ. ನಾನು ಪೆನ್‌ಡ್ರೈವ್‌ನಲ್ಲಿ ಒಂದನ್ನೇ ಕೊಟ್ಟು, ಇನ್ನೊಂದು ಅಂತರ್ಜಾಲದಲ್ಲಿದೆ ನೋಡಿಕೊಳ್ಳಿ ಎಂದರೆ, ಪರವಾನಗಿಯ ಅಕ್ಷರಾರ್ಥಕ್ಕೆ ಅದು ಸಾಲದು. ಹುಡುಗನೊಬ್ಬನಿಗೆ ಹಾಕಿಕೊಟ್ಟದ್ದಕ್ಕೆ ನನ್ನನ್ನು ಕೋರ್ಟಿಗೆ ಎಳೆಯುವವರು ಯಾರೂ ಇಲ್ಲವೆಂದು ಬಲ್ಲೆ. ಆದರೂ ಅಂಗಡಿಯವರ ‘ಯಾರೂ ಕೇಳಿಲ್ಲ’ ಎಂಬ ಮಾತನ್ನು ಹಳಿದು ಬಂದವನು ಅದೇ ಮಾತಿನ ಆಸರೆ ಪಡೆಯುವುದು ಹೇಗೆ? ಡೆಬಿಯನ್‌ನವರೇ ಬಿಡುಗಡೆ ಮಾಡುವ ಮೂಲಸಂಕೇತದ ಪ್ರತಿಗಳನ್ನು ಇಳಿಸಿ ಒಂದು ಹಾರ್ಡ್‌ಡಿಸ್ಕಿನಲ್ಲಿ ತುಂಬಿಟ್ಟೆ. ಪ್ರತಿ ಪೆನ್‌ಡ್ರೈವ್‌ನಲ್ಲಿಯೂ ಒಂದು ಪುಟದ ಕನ್ನಡ ಒಕ್ಕಣೆ ಸೇರಿಸಿ, ಮೂರು ವರ್ಷದೊಳಗೆ ಯಾರು ಕೇಳಿದರೂ ಕೊಡುತ್ತೇನೆಂದು ಬರೆದೆ.

ಹಣ ಪಡೆಯುವ ವಿಷಯದಲ್ಲಿ ನಮ್ಮವರಿಗೆ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಡೆಬಿಯನ್‌ನ ಪ್ರತಿ ಮಾಡಿಕೊಟ್ಟು ನೂರು ರೂಪಾಯಿ ಕೇಳುವ ಜೆರಾಕ್ಸ್ ಅಂಗಡಿಯವರನ್ನು ಒಬ್ಬ ಗೆಳೆಯರು ನನ್ನೆದುರೇ ‘ಪುಕ್ಕಟೆ ಮಾಲಿಗೆ ದುಡ್ಡು ಕೇಳ್ತೀಯಲ್ಲ’ ಎಂದು ಗದರಿಸಿದರು. ಗದರಿಸಿಕೊಂಡವರ ಪಕ್ಷವೇ ಸರಿ. ಮಾರುವುದಕ್ಕೂ ಅನುಮತಿಯಿರುವ ಸರಕು ಅದು. ಪ್ರತಿಯನ್ನು ಮಾರುವುದಕ್ಕೂ ಹಕ್ಕುಸ್ವಾಮ್ಯವನ್ನೇ ಮಾರುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟ್ ಬೇರೊಂದು ಸಂದರ್ಭದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದೆ. ವಿದೇಶದಿಂದ ತಂತ್ರಾಂಶದ ಪ್ರತಿ ತರಿಸುವವರು ಕೊಡುವ ಹಣ ರಾಯಧನವೇ ಎಂಬ ತೆರಿಗೆಯ ತಕರಾರಿನಲ್ಲಿ ಕರ್ನಾಟಕ ಹೈಕೋರ್ಟು 2011ರಲ್ಲಿ ಹೌದೆಂದಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದ ಮೇಲ್ಮನವಿಗಳ ಗುಂಪನ್ನು ನಿರ್ಧರಿಸುತ್ತ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅಲ್ಲವೆಂದಿತು: ವಿತರಕನ ಕೈಗೆ ಬರುವುದು ಪ್ರತಿಯನ್ನು ಮುಂದಕ್ಕೆ ಮಾರುವ ಸೀಮಿತ ಅವಕಾಶವೇ ಹೊರತು ಕೃತಿಯ ಹಕ್ಕುಸ್ವಾಮ್ಯದ ಯಾವ ಭಾಗವೂ ಅಲ್ಲ. ತೆರಿಗೆಯ ಗೋಜಿಲ್ಲದ ನಮ್ಮಂಥವರಿಗೂ ಈ ತೀರ್ಪು ಓದಲು ಯೋಗ್ಯ.

ಇನ್ನುಳಿದ ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ. ನಾಲ್ಕು ಜಿಬಿ ಮೆಮೊರಿಯ ಯಂತ್ರಗಳಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದ್ದೇನೆ, ಸಲೀಸಾಗಿ ನಡೆಯುತ್ತಿದೆ. ಕನ್ನಡ ಬೆರಳಚ್ಚಿಗೆ ಐಬಸ್ ಎಂಬ ತಂತ್ರಾಂಶದ ಮೂಲಕ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರು ಹೆಚ್ಚು ತಡಕಾಡಬೇಕಿಲ್ಲ. ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಕಡತಗಳ ಪುಟ ಕೆಡದಿರಲು, ಏರಿಯಲ್ ಮತ್ತು ಟೈಮ್ಸ್‌ನ ಅಕ್ಷರಗಳಷ್ಟೇ ಅಗಲವಿರುವ ಲಿಬರೇಷನ್ ಫಾಂಟುಗಳು ಸಾಕಾಗುತ್ತವೆ. ಅಂಗಡಿಯವರು ಹಾಕಿದ್ದ ಫೋಟೊ ತಂತ್ರಾಂಶಕ್ಕೆ ಗಿಂಪ್ ಬದಲಿಯೇ ಎಂದು ಕೇಳಿದರೆ, ಪಾಸ್‌ಪೋರ್ಟ್ ಫೋಟೊ ಕತ್ತರಿಸುವವರಿಗೆ ಹೌದು, ಮದುವೆ ಆಲ್ಬಮ್ ಮಾಡುವವರಿಗೆ ಅಲ್ಲ.

ಅಂಕ ಕೊಡಲೇಬೇಕಾದರೆ ಹತ್ತಕ್ಕೆ ಎಂಟು. ಕಳೆದ ಎರಡರಲ್ಲಿ ಒಂದು, ಇಳಿಸಿಕೊಡುವ ಖಾಲಿ ಪ್ಯಾಕೇಜುಗಳ ಹೊಣೆಯನ್ನು ಸ್ಪಷ್ಟ ಮಾತಿನಲ್ಲಿ ಬಳಕೆದಾರನಿಗೆ ತಿಳಿಸದೆ ಅವನ ತಲೆಗೇ ಕಟ್ಟುವುದಕ್ಕೆ. ಇನ್ನೊಂದು, ಇಷ್ಟು ಶ್ರಮಪಟ್ಟು ಬರೆದಿಟ್ಟ ‘ಕಾಪಿರೈಟ್’ ಕಡತಗಳನ್ನು ಸಾಮಾನ್ಯರ ಕಣ್ಣಿಗೆ ಬೀಳದಷ್ಟು ಒಳಗೆ ಹುದುಗಿಸಿಟ್ಟಿರುವುದಕ್ಕೆ.

ನನ್ನ ಮೂರು ವರ್ಷದ ವಾಗ್ದಾನವನ್ನು ಹಿಡಿದು ಮೂಲಸಂಕೇತ ಕೇಳಿದವರು ಈವರೆಗೆ ಒಬ್ಬನೇ, ಡಿಪ್ಲೊಮಾ ಓದುತ್ತಿರುವ ಹುಡುಗ. ಅವನಿಗೆ ಕರ್ನೆಲ್ ಬೇಕಿರಲಿಲ್ಲ. ಕಗಪ ವಿನ್ಯಾಸದ ಕಡತದಲ್ಲಿ ತನ್ನ ಅನುಕೂಲಕ್ಕೆ ಒಂದು ಕೀಲಿಯನ್ನು ಬದಲಾಯಿಸಿಕೊಂಡಿದ್ದ. ಅದನ್ನು ಹಾಸ್ಟೆಲಿನ ಗೆಳೆಯರಿಗೂ ಕೊಡಬಹುದೇ ಎಂಬುದು ಅವನ ಪ್ರಶ್ನೆ. ಇಬ್ಬರೂ ಕುಳಿತು ಆ ಪ್ಯಾಕೇಜಿನ ‘ಕಾಪಿರೈಟ್’ ಕಡತ ತೆರೆದೆವು. ಜಿಪಿಎಲ್‌ನ ತುಸು ಸಡಿಲ ರೂಪವಾದ ಎಲ್‌ಜಿಪಿಎಲ್ ಎಂದಿತ್ತು: ಕೊಡಬಹುದು, ಆದರೆ ಬದಲಾಯಿಸಿದ್ದೇನೆ ಎಂಬುದನ್ನೂ ಬದಲಾಯಿಸಿದ ದಿನಾಂಕವನ್ನೂ ಕಡತದಲ್ಲಿಯೇ ಎದ್ದುಕಾಣುವಂತೆ ನಮೂದಿಸಬೇಕು. ಅವನು ಕಡತದ ತಲೆಯಲ್ಲಿ ತನ್ನ ಹೆಸರು, ತಾರೀಖು, ಯಾವ ಕೀಲಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದು, ಉಳಿಸಿ, ಆಮೇಲೆ ಪೆನ್‌ಡ್ರೈವ್ ಚುಚ್ಚಿದ.